ಅಪ್ಪಯ್ಯನ ನೆನಪಿಗೆ ಟರ್ಬೊ

ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ತೀರ್ಥಹಳ್ಳಿ, ಹೊಸನಗರ ಕಡೆ ಶೆಡ್ಡಿನಲ್ಲಿ ಮಲಗಿದ ಅಂಬಾಸಿಡರ್‌ಗಳಿಗೆ ಎಚ್ಚರ ಆಗುತ್ತದೆ. ರಾಶಿ ಇಡಿ ಅಡಿಕೆ ಮಂಡಿಗೆ ಹೋದ ವಾರವೇ ಟಾರ್ಪಾಲು ತೆಗೆಯುತ್ತಾರೆ. ಸೀಟಿನೊಳಗೆ ಸಂಸಾರ ಹೂಡಿದ್ದ ಇಲಿಗಳನ್ನು ಒಕ್ಕಲೆಬ್ಬಿಸುತ್ತಾರೆ. ಆಮೇಲೆ ಕಾರನ್ನು ಲಾರಿ ಮೇಲೆ ಹೇರಿ ಶಿವಮೊಗ್ಗಕ್ಕೆ ಸಾಗಿಸುತ್ತಾರೆ. ರಿಪೇರಿಗಲ್ಲ, ಎಂಜಿನ್ ಬದಲಿಸೋದಕ್ಕೆ.

ಇದೆಲ್ಲಾ ಯಾಕೆ ಗೌಡ್ರೇ ಅಂದರೆ ಉತ್ತರ ರೆಡಿ. "ಅಪ್ಪಯ್ಯನ ನೆನಪು ಮಾರಾಯ." ಅಪ್ಪಯ್ಯ ಆ ಕಾರನ್ನು ನಲವತ್ತರ ಮೇಲೆ ಓಡಿಸಿದ್ದನ್ನು ಊರಲ್ಲಿ ಕಂಡವರಿಲ್ಲ. ಆದರೂ ಅವರ ನೆನಪಿಗೆ ಈಗ ಎಂಜಿನ್ನಿಗೆ ಗಾಳಿ ತುರುಕಿ ಶಕ್ತಿ ಹೆಚ್ಚಿಸುವ ಟರ್ಬೊ ಬೇಕು.

ಹಾಗೆ ನೋಡಿದರೆ ಎಂಜಿನ್ ಬದಲಿಸೋದು ನಮ್ಮಲ್ಲಿ ಹೊಸತೇನಲ್ಲ. ಎಸ್ಟೇಟ್ ಜೀಪಿನ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ ಮೇಸ್ತ್ರಿಗಳು ಘಟ್ಟದ ಮೇಲೆ ಬೇಕಾದಷ್ಟು ಮಂದಿ ಇದ್ದರು. ಕಂಪನಿಗಳೂ ಅದನ್ನೇ ಮಾಡಿವೆ. ಮಹೀಂದ್ರಾ ಜೀಪಿನೊಳಗೆ ಒಂದು ಕಾಲಕ್ಕೆ ಟ್ರ್ಯಾಕ್ಟರಿನ ಎಂಜಿನ್ ಇತ್ತು, ಆಮೇಲೆ ಫ್ರಾನ್ಸಿನ ಪ್ಯೂಜೊ ಡೀಸೆಲ್ ಬಂತು. ಅಂಬಾಸಿಡರ್ ಅಂತೂ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು. ಅದರ 1489 ಸಿಸಿ ಎಂಜಿನ್ ಸಾಲದೆ 1990ರ ದಶಕದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರೇ ಜಪಾನಿನ ಇಸುಜು 1.8 ಲೀಟರ್ ಎಂಜಿನ್ ತಂದು ಕೂರಿಸಿದರು. 2014ರಲ್ಲಿ ಬಂಗಾಳದ ಉತ್ತರಪಾರಾದ ಕಾರ್ಖಾನೆ ನಿಲ್ಲುವವರೆಗೂ ಮುಖ ಮಾತ್ರ ಹೆಚ್ಚುಕಮ್ಮಿ ಅದೇ. ಆಗ ಬದಲಿಸಿದವರಿಗೆ ಪೆಟ್ರೋಲ್ ದುಬಾರಿ ಆಗಿತ್ತು, ಮೂಟೆ ಹೇರಿ ಘಾಟಿ ಹತ್ತಬೇಕಿತ್ತು. ಈಗ ಬದಲಿಸುವವರಿಗೆ ರೀಲ್ಸ್ ಹತ್ತಬೇಕು.

ಕೆಲಸ ಮಾತ್ರ ಸಣ್ಣದಲ್ಲ. ಅಂಬಾಸಿಡರ್‌ನಲ್ಲಿ ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಈಗಿನ ಸಣ್ಣ ಕಾರುಗಳ ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಚಕ್ರ ಎಳೆಯುತ್ತದೆ. ಹಾಗಾಗಿ ಎಲ್ಲೋ ಮರಕ್ಕೆ ಗುದ್ದಿದ ದೊಡ್ಡ ಗಾಡಿಯ ಡೀಸೆಲ್ ಎಂಜಿನ್ ಹುಡುಕಿ ಗುಜರಿಯಿಂದ ತರಬೇಕು. ಎಂಜಿನ್ ಕೂರುವ ಹಳೇ ಫೌಂಡೇಶನ್ ಕತ್ತರಿಸಬೇಕು, ಹೊಸದು ವೆಲ್ಡ್ ಮಾಡಬೇಕು. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ತರಲು ಲೇತಿಗೆ ಒಯ್ಯಬೇಕು. ಸ್ಟೇರಿಂಗ್ ಕೆಳಗಿದ್ದ ಗೇರು ಹೋಗಿ ನೆಲಕ್ಕೆ ತೂತು ಬೀಳುತ್ತದೆ. ಕೊನೆಗೆ ವೈರಿಂಗ್. ಬಾನೆಟ್ ಎತ್ತಿದರೆ ಒತ್ತು ಶಾವಿಗೆ ತಟ್ಟೆ ಮಗುಚಿದ ಹಾಗಿರುತ್ತದೆ.

ಹೊಸ ಎಂಜಿನ್ ಅಂದಮೇಲೆ ಅದಕ್ಕೊಂದು ಕಂಪ್ಯೂಟರ್. ಅದಕ್ಕೆ ಸಿಟ್ಟು ಬಂದಾಗ ಉರಿಯಲು ಒಂದು ಹಳದಿ ದೀಪ. ಅಂಬಾಸಿಡರ್ ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆ ಜಾಗ ಎಲ್ಲಿದೆ? ಮೇಸ್ತ್ರಿ ಯೋಚನೆ ಮಾಡಿ ಗಣಪತಿ ವಿಗ್ರಹದ ಹಿಂದೆ ಕೂರಿಸಿದ. ಗಣಪತಿಗೆ ಮೊದಲೇ ಒಂದು ಮಿಣಿಮಿಣಿ ಹಳದಿ ದೀಪ ಇತ್ತು. ಈಗ ದೀಪ ಉರಿದರೆ ಗೌಡ್ರು ಕೈ ಮುಗಿಯುತ್ತಾರೆ. ಗಾಡಿ ನಿಂತ ಮೇಲೆ ಅದು ಎಂಜಿನ್ನಿನ ದೀಪ ಅಂತ ಗೊತ್ತಾಗುತ್ತದೆ. ಹಳೇ ಎಂಜಿನ್ ಆಗುಂಬೆ ಮಳೆಯಲ್ಲಿ ನಿಂತರೆ ಒಂದು ಸ್ಕ್ರೂಡ್ರೈವರ್, ಒಂದು ಒಣ ಬಟ್ಟೆ, ನಾಲ್ಕು ಬೈಗುಳ ಸಾಕಿತ್ತು. ಹೊಸದಕ್ಕೆ ಲ್ಯಾಪ್‌ಟಾಪ್ ಹಿಡಿದ ಹುಡುಗ ಬರಬೇಕು. ಅವನಿಗೆ ನೆಟ್‌ವರ್ಕ್ ಬೇಕು. ಆಗುಂಬೆಯಲ್ಲಿ, ಮಳೆಗಾಲದಲ್ಲಿ!

ಹಳೇ ಎಂಜಿನ್ನಿಗೆ ಸುಮಾರು ಐವತ್ತು ಕುದುರೆ ಶಕ್ತಿ. ಹೊಸದಕ್ಕೆ ನೂರರ ಮೇಲೆ. ನಿಲ್ಲಿಸೋದಕ್ಕೆ? ಅದೇ ಅಪ್ಪಯ್ಯನ ಕಾಲದ ಡ್ರಮ್ ಬ್ರೇಕು. ಹಿಂದೆ ಅದೇ ಪಟ್ಟಿ ಸ್ಪ್ರಿಂಗು. ಬ್ರೇಕಿಗೆ ದುಡ್ಡು ಹಾಕಿ ಅಂತ ಮೇಸ್ತ್ರಿಯೇ ಹೇಳಿದ್ದ. "ಬ್ರೇಕ್ ಯಾರಿಗೆ ಕಾಣ್ತದೆ?" ಅಂದರು ಗೌಡ್ರು. ಎಂಜಿನ್ ಕೂಡ ಬಾನೆಟ್ ಒಳಗೇ ಇರೋದು, ಅಲ್ವಾ? ಅದಕ್ಕೇ ಅವರು ಹೋದಲ್ಲೆಲ್ಲ ಬಾನೆಟ್ ಎತ್ತಿಟ್ಟು ನಿಲ್ಲುತ್ತಾರೆ. ಪಾಪ, ಗಾಡಿ ಕೆಟ್ಟಿದೆ ಅಂತ ಜನ ತಳ್ಳೋಕೆ ಬರುತ್ತಾರೆ.

ನೂರು ಕುದುರೆಗಳೂ ಓಡಬೇಕಲ್ಲ, ಎಲ್ಲಿ ಓಡಬೇಕು? ನಮ್ಮ ರಸ್ತೆಯಲ್ಲಿ ಒಂದು ಹಂಪ್ ಇಳಿದು ಮೂರನೇ ಗೇರು ಹಾಕುವಷ್ಟರಲ್ಲಿ ಇನ್ನೊಂದು ಹಂಪ್ ಬರುತ್ತದೆ. ಹಂಪ್ ಇಲ್ಲದ ಕಡೆ ಗುಂಡಿ ಇರುತ್ತದೆ. ಆಗುಂಬೆ ಘಾಟಿಯ 14 ತಿರುವಿನಲ್ಲೂ ಮುಂದೊಂದು ಬಸ್ಸು. ಟರ್ಬೊ ಶುರುವಾಗುವ ಮೊದಲೇ ಘಾಟಿ ಬುಡದ ಸೋಮೇಶ್ವರ ಬಂದಿರುತ್ತದೆ.

ಇನ್ನು ಕಾನೂನು. ಇದು ಗೌಡ್ರಿಗಿಂತ ಒಂದು ಕೈ ಮೇಲು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆ ತಪ್ಪುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಸರಿ, ಹಾಗಾದರೆ ಏನೂ ಬದಲಿಸದೆ ಇಟ್ಟುಕೊಳ್ಳೋಣ ಅಂದರೆ ಅದಕ್ಕೂ ಒಂದು ನಿಯಮ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ತಂದಿತು. ಗಾಡಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಯಾವುದನ್ನೂ ಹೆಚ್ಚು ಮುಟ್ಟಿರಬಾರದು. 20,000 ರೂಪಾಯಿ ಕಟ್ಟಿದರೆ 'ವಿಎ' ಅಂತ ಗತ್ತಿನ ನಂಬರ್ ಪ್ಲೇಟ್ ಸಿಗುತ್ತದೆ. ಷರತ್ತು ಒಂದೇ: ದಿನನಿತ್ಯದ ಓಡಾಟಕ್ಕೆ ಬಳಸಬಾರದು.

ಅಂದರೆ ಕಾನೂನು ಒಪ್ಪಿದ ಹಳೇ ಕಾರು ರಸ್ತೆಗೆ ಇಳಿಯೋದು ಮೆರವಣಿಗೆಗೆ, ಪ್ರದರ್ಶನಕ್ಕೆ. ದಿನಾ ಓಡುವ ಗೌಡ್ರ ಕಾರಿಗೆ ಕಾನೂನಿನ ಒಪ್ಪಿಗೆ ಇಲ್ಲ. ಆರ್‌ಸಿಯಲ್ಲಿ ಇರೋ ಎಂಜಿನ್ ಕೊಟ್ಟಿಗೆಯಲ್ಲಿದೆ, ಅದರ ಮೇಲೆ ಹಿಂಡಿ ಚೀಲ ಒಟ್ಟಿದ್ದಾರೆ. ಇನ್ಶೂರೆನ್ಸ್ ಕಟ್ಟಿರೋದೂ ಅದರ ಹೆಸರಿಗೇ. ಇಷ್ಟು ಭದ್ರವಾದ ಇನ್ಶೂರೆನ್ಸ್ ಇನ್ನೊಂದಿಲ್ಲ. ಕೊಟ್ಟಿಗೆಯಲ್ಲಿ ಕೂತ ಎಂಜಿನ್ನಿಗೆ ಎಮ್ಮೆ ಬಿಟ್ಟರೆ ಯಾರು ಗುದ್ದುತ್ತಾರೆ?

ಹೊಸ ಎಂಜಿನ್ ಮನೆಗೆ ಬಂದ ದಿನ ಶಾಮಿಯಾನ ಹಾಕಿಸಿದ್ದರು. ಫ್ಲೆಕ್ಸೂ ಇತ್ತು. ಊರಿನ ಮುಖಂಡರು ಬಾನೆಟ್ಟಿಗೆ ಶಾಲು ಹೊದಿಸಿ, "ಪರಂಪರೆಯನ್ನು ಉಳಿಸುವುದು ಎಂದರೆ ಇದು" ಅಂತ ಭಾಷಣ ಮಾಡಿದರು. ಉಳಿಸಿದ ಪರಂಪರೆ ಆಗ ಕೊಟ್ಟಿಗೆಯಲ್ಲಿ ಆಯಿಲ್ ಸೋರಿಸುತ್ತಾ ಕೂತಿತ್ತು. ಯಾರೂ ಆ ಕಡೆ ತಲೆ ಹಾಕಲಿಲ್ಲ. ಕೋಸಂಬರಿ ಚೆನ್ನಾಗಿತ್ತು.

ಈಗ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಆರ್‌ಟಿಒ ಸರ್ಟಿಫಿಕೇಟು, ಮುಗಿಯುತ್ತಾ ಬಂದಿದೆ. ಗೌಡ್ರು ಒಬ್ಬ ಏಜೆಂಟನ್ನು ಹಿಡಿದರು. ಅವನು ತಲೆ ಕೆರೆದುಕೊಂಡು, "ನೋಡಿ ಗೌಡ್ರೇ, ಗಾಡಿ ತಂದಾಗ ಎಂಜಿನ್ ನಂಬರ್ ಕೇಳ್ತಾರೆ. ಎಂಜಿನ್ ಗಾಡಿಯಲ್ಲಿ ಇರಬೇಕು ಅಷ್ಟೇ. ಮುಂದಿರಬೇಕು ಅಂತ ಎಲ್ಲಿ ಬರೆದಿದೆ?" ಅಂದ. ಗೌಡ್ರಿಗೆ ಮಾತು ನಾಟಿತು. ನಾಲ್ಕು ಆಳು ಸೇರಿ ಹಳೇ ಎಂಜಿನ್ನನ್ನು ಡಿಕ್ಕಿಗೆ ಹೇರಿದರು. ಹೋಗುವ ಮೊದಲು ಒಂದು ಟ್ರಯಲ್ ನೋಡೋಣ ಅಂತ ಹುಲಿಕಲ್ ಘಾಟಿಗೆ ಹೋಗಿಬಂದರು.

ಇಳಿದವರ ಮುಖ ಅರಳಿತ್ತು. ಹಿಂದೆ ಭಾರ ಬಿದ್ದಿದ್ದಕ್ಕೋ ಏನೋ, ಕಾರು ತಿರುವಿನಲ್ಲಿ ಮೊದಲ ಸಲ ನೆಟ್ಟಗೆ ನಿಂತಿತಂತೆ. ಜಾರಲಿಲ್ಲ, ಕುಣಿಯಲಿಲ್ಲ. ಸಂಜೆಯೇ ಮೇಸ್ತ್ರಿಗೆ ಫೋನ್ ಹೋಯಿತು. ಡಿಕ್ಕಿಯಲ್ಲೇ ಒಂದು ಫೌಂಡೇಶನ್ ಹಾಕಿ ಅದನ್ನು ಖಾಯಂ ಕೂರಿಸಿಬಿಡು ಅಂತ. ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಸ್ಟಾರ್ಟ್ ಆಗೋ ಹಾಗೆ ಕೂರಿಸ್ಲಾ, ಸುಮ್ನೆ ಕೂರಿಸ್ಲಾ?"

ಗೌಡ್ರು ಇನ್ನೂ ಯೋಚನೆ ಮಾಡುತ್ತಿದ್ದಾರೆ.