ಎರಡು ಬನಿಯನ್ನಿನ ಬ್ಯಾಸಗಿ

ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ಅಲ್ಲಿ ಬೆಂದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಸಿಲು 43–44 ಡಿಗ್ರಿಗೆ ಏರಿ ಕೂತಾಗ ಮಂದಿಗೆ ಮೈಮೇಲೆ ಅಂಗಿಯೂ ಬ್ಯಾಡ ಅನಿಸುತ್ತದೆ. ನಾನು ಎರಡು ಬನಿಯನ್ ತೊಟ್ಟು, ಅದರ ಮೇಲೆ ಅಂಗಿ ಹಾಕುತ್ತಿದ್ದೆ. ಒಳಗಿನದು ಒಂದು ಸೈಜ್ ಚಿಕ್ಕದು, ಒತ್ತಿ ಹಿಡಿಯಲಿ ಅಂತ. ಆಗ ನನಗೆ 15 ವರ್ಷ, ಎದೆ ಉಬ್ಬಿತ್ತು. ಬಾವಿಗೆ ಈಜಲು ಹೋದಾಗ ಗೆಳೆಯನೊಬ್ಬ ‘ಏನಲೇ, ನಿಮ್ಮವ್ವನ ಕುಬಸ ಬೇಕೇನು?’ ಅಂದ. ಅವತ್ತೇ ಕಡೆ, ಮತ್ತೆ ನೀರಿಗಿಳಿಯಲಿಲ್ಲ. ಇವತ್ತಿಗೂ ನನಗೆ ಈಜು ಬರುವುದಿಲ್ಲ.

ನನ್ನದು ಹದಿನೇಳು ತುಂಬುವಷ್ಟರಲ್ಲಿ ತಾನಾಗಿಯೇ ಇಳಿಯಿತು. ಪ್ರಾಯಕ್ಕೆ ಬರುವ ಹುಡುಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದು ಒಂದಿಷ್ಟು ಕಾಣಿಸಿಕೊಳ್ಳುತ್ತದೆ. ಈಸ್ಟ್ರೋಜನ್, ಟೆಸ್ಟೋಸ್ಟೆರಾನ್‌ಗಳ ತಕ್ಕಡಿ ಕೆಲಕಾಲ ಏರುಪೇರಾಗುವುದೇ ಕಾರಣ. ಬಹುತೇಕರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ಕರಗುತ್ತದೆ. ಡಾಕ್ಟರ್‌ಗಳು ಇದನ್ನು ಗೈನೆಕೊಮಾಸ್ಟಿಯಾ ಅನ್ನುತ್ತಾರೆ. ಕರಗದೆ ಉಳಿದರೆ ಗ್ರಂಥಿ ನಾರುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ದಂಡ ಹೊಡೆದರೂ ಅಷ್ಟೇ, ಮಾತ್ರೆ ನುಂಗಿದರೂ ಅಷ್ಟೇ.

ನಮ್ಮಕ್ಕನ ಮಗನದು ಹಾಗೆ ಉಳಿದದ್ದು. ವಯಸ್ಸು 26, ನೌಕರಿ ಇದೆ, ಹೆಣ್ಣು ಕೊಡುವವರೂ ಇದ್ದಾರೆ. ಲಗ್ನದ ಮಾತು ಎತ್ತಿದರೆ ಸಾಕು, ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದ. ‘ಯಾರನ್ನಾದರೂ ಮನಸ್ಸಿನ್ಯಾಗ ಇಟ್ಕೊಂಡಾನೇನೋ’ ಅಂತ ಅಕ್ಕನಿಗೆ ಗುಮಾನಿ. ಹೋದ ಸಲ ಊರಿಗೆ ಹೋದಾಗ, ರಾತ್ರಿ ಮಾಳಿಗೆ ಮೇಲೆ ಮಲಗಿದ್ದಾಗ, ನನಗೆ ಹೇಳಿದ: ಸುರಗಿಗೆ ಹೆದರಿಕೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ, ನಡುವೆ ಮದುಮಗನನ್ನು ಬರಿಮೈಲೆ ಕೂಡಿಸಿ ಅರಿಷಿಣ ಹಚ್ಚಿ ನೀರು ಹೊಯ್ಯುವುದು. ಸುತ್ತ ಬೀಗರು, ಓಣಿಯ ಹೆಂಗಸರು, ಈಗ ಮೊಬೈಲ್ ಬೇರೆ. ಹೈದರಾಬಾದಿನ ಒಂದು ಖಾಸಗಿ ಕ್ಲಿನಿಕ್ಕಿಗೆ ಗುಟ್ಟಾಗಿ ಹೋಗಿಬಂದಿದ್ದನಂತೆ. ಅಲ್ಲಿ ಅಂಗಿ ಬಿಚ್ಚಿಸುವ ಮೊದಲೇ ಕಂತಿನ ಲೆಕ್ಕ ಒಪ್ಪಿಸಿದರಂತೆ.

ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇಲ್ಲಿ ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆ ಇದೆ, 1948ರಿಂದ. ಊರಲ್ಲಿ ‘ನಿಮ್ಮಲ್ಲಿ ಎಲ್ಲಾ ಪುಕ್ಕಟೆ ಅಲ್ಲೇನ್ರಿ’ ಅಂತ ಕೇಳುವವರು ಬಹಳ. ಇದಕ್ಕೆ ಮಾತ್ರ ಅಷ್ಟು ಸುಲಭವಾಗಿ ಪುಕ್ಕಟೆ ಇಲ್ಲ. 2018ರಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಸ್ತನ ಕಿರಿದುಗೊಳಿಸುವ ಆಪರೇಷನ್ನಿನ ಬಗ್ಗೆ ಮಾರ್ಗಸೂಚಿ ತಂದಿತು. ಹೆಂಗಸರಿಗೆ ಅದರಲ್ಲಿ ಷರತ್ತುಗಳ ಪಟ್ಟಿಯಿದೆ, ತುಂಬಿದರೆ ದಾರಿಯಿದೆ. ಗಂಡಸರಿಗೆ ‘ವಾಡಿಕೆಯಂತೆ ಹಣ ಕೊಡಲಾಗುವುದಿಲ್ಲ’ ಅನ್ನುವ ಒಂದು ಸಾಲು. ಪ್ರಾಸ್ಟೇಟ್ ಕ್ಯಾನ್ಸರಿನ ಔಷಧದಂಥ ಚಿಕಿತ್ಸೆಯಿಂದ ಎದೆ ಬೆಳೆದಿದ್ದರೆ ಆ ಸಾಲು ಅನ್ವಯಿಸುವುದಿಲ್ಲ. ಉಳಿದವರ ಪರವಾಗಿ ಡಾಕ್ಟರು ಸ್ಥಳೀಯ ಆರೋಗ್ಯ ಮಂಡಳಿಗೆ ವಿಶೇಷ ಅರ್ಜಿ ಹಾಕಿ, ಈತನ ಪ್ರಕರಣ ಬೇರೆಯವರಂತಲ್ಲ ಅಂತ ತೋರಿಸಬೇಕು. ಮನಸ್ಸಿನ ಸಂಕಟವೊಂದನ್ನೇ ನೋಡಿ ಹೂಂ ಅನ್ನುವುದು ಅಪರೂಪ.

ನನ್ನ ಜೊತೆ ಕೆಲಸ ಮಾಡುವವನೊಬ್ಬನ ಮಗನಿಗೆ ಅಂಥ ನಿರಾಕರಣೆಯ ಪತ್ರ ಬಂದಿತ್ತು. ಓದಲು ಕೊಟ್ಟ. ಬಹಳ ಸಭ್ಯ ಪತ್ರ. ಯಾವ ನಿಯಮ, ಯಾಕೆ ಇಲ್ಲ, ಮೇಲ್ಮನವಿ ಎಲ್ಲಿ, ಎಲ್ಲವೂ ಇತ್ತು. ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ? ಇಲ್ಲ ಅನ್ನುವುದಕ್ಕೂ ಒಂದು ಕಾಗದ, ಜಗಳ ತೆಗೆಯಲು ಒಂದು ವಿಳಾಸ. ನಮ್ಮ ಕಡೆ ಇಲ್ಲ ಅನ್ನಿಸಿಕೊಳ್ಳಬೇಕೆಂದರೂ ಯಾರ ಮುಂದೆ ನಿಲ್ಲಬೇಕೆಂದು ಗೊತ್ತಿಲ್ಲ.

ಹಾಗಂತ ನಮ್ಮವರಿಗೆ ಸರ್ಕಾರಿ ಕಾರ್ಡಿನ ಪರಿಚಯ ಇಲ್ಲದಿಲ್ಲ. 2010ರಲ್ಲಿ ಬಡವರ ಚಿಕಿತ್ಸೆಯ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾದದ್ದೇ ಗುಲಬರ್ಗಾ ವಿಭಾಗದಲ್ಲಿ. ಈಗ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ಆಯುಷ್ಮಾನ್ ನಿಯಮದಲ್ಲಿ ಸೌಂದರ್ಯ ಚಿಕಿತ್ಸೆ ಹೊರಗೆ. ತಪ್ಪೇನಿಲ್ಲ. ಆದರೆ ಯಾವುದು ಸೌಂದರ್ಯ ಅಂತ ತೀರ್ಮಾನಿಸುವವರು ಯಾರು? ಲೆಸ್ಟರ್‌ನಲ್ಲಿ ಮಂಡಳಿ ತೀರ್ಮಾನಿಸುತ್ತದೆ. ಕಲಬುರಗಿಯಲ್ಲಿ ಹುಡುಗನ ನಾಚಿಕೆಯೇ ತೀರ್ಮಾನಿಸಿ, ಅವನನ್ನು ಆಸ್ಪತ್ರೆಯ ಮೆಟ್ಟಿಲೂ ಹತ್ತಗೊಡುವುದಿಲ್ಲ.

ನನ್ನನ್ನು ಕೇಳಿದರೆ ಅದನ್ನು ಡಾಕ್ಟರ ಎರಡು ಬೆರಳು ತೀರ್ಮಾನಿಸಬೇಕು. ಹೆಬ್ಬೆರಳು, ತೋರುಬೆರಳನ್ನು ಎದೆಯ ಎರಡು ಬದಿಯಿಂದ ಮೊಲೆತೊಟ್ಟಿನ ಕಡೆ ತಂದಾಗ, ರಬ್ಬರಿನ ಬಿಲ್ಲೆಯಂಥದ್ದು ಸಿಕ್ಕರೆ ಅದು ಗ್ರಂಥಿ. ಏನೂ ತಡೆಯದೆ ಮೆತ್ತಗೆ ಕೂಡಿಕೊಂಡರೆ ಬರೀ ಕೊಬ್ಬು, ಅದಕ್ಕೆ ಸರ್ಕಾರದ ದುಡ್ಡು ಬೇಡ, ಬೆಳಗಿನ ವಾಕಿಂಗ್ ಸಾಕು. ಗ್ರಂಥಿ ಇದ್ದರೆ ಲಿವರ್, ಥೈರಾಯ್ಡ್, ಹಾರ್ಮೋನುಗಳ ರಕ್ತಪರೀಕ್ಷೆ, ವೃಷಣದ ತಪಾಸಣೆ ಆಗಲೇಬೇಕು. ಅಪರೂಪಕ್ಕೆ ವೃಷಣದ ಗಡ್ಡೆಯ ಮೊದಲ ಸುಳಿವು ಎದೆಯಲ್ಲೇ ಸಿಗುತ್ತದೆ. ನುಂಗುವ ಔಷಧಗಳನ್ನೂ ವಿಚಾರಿಸಬೇಕು, ಬಿಪಿ, ಹೃದಯದ ತೊಂದರೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್‌ನಿಂದಲೂ ಇದು ಬರುತ್ತದೆ. ಎಲ್ಲ ಸರಿಯಿದ್ದು, ಪ್ರಾಯ ದಾಟಿ ಎರಡು ವರ್ಷವಾದರೂ ಇಳಿಯದಿದ್ದರೆ, ಬಡವನಾದರೆ ಸರ್ಕಾರವೇ ತೆಗೆಸಿಕೊಡಲಿ.

ಜಿಮ್ಮಿನಲ್ಲಿ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಎದೆ ಬೆಳೆಸಿಕೊಂಡವರ ಗತಿಯೇನು ಅಂತ ಅಕ್ಕನ ಗಂಡ ಕೇಳಿದ. ಕಲಬುರಗಿ ಜಯದೇವದಲ್ಲಿ ಎದೆ ಹಿಡಿದುಕೊಂಡು ಬಂದವನಿಗೆ ಎಷ್ಟು ಬೀಡಿ ಸೇದಿದಿ ಅಂತ ಲೆಕ್ಕ ಹಾಕಿ ಚಿಕಿತ್ಸೆ ಕೊಡುತ್ತಾರಾ ಅಂತ ನಾನು ಕೇಳಿದೆ. ಆತ ಬೀಡಿ ಸೇದುವವ, ಸುಮ್ಮನಾದ.

ಕಡೆಗೆ ಹುಡುಗನನ್ನು ನಾನೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸರತಿಯಲ್ಲಿ ಎರಡು ತಾಸು. ಒಳಗೆ ವಯಸ್ಸಾದ ಸರ್ಜನ್ ಒಬ್ಬರು ತಲೆ ಎತ್ತದೆ ‘ಅಂಗಿ ತಗಿಯಪ್ಪ’ ಅಂದರು. ಇವನು ಅಂಗಿ ತೆಗೆದ. ಒಂದು ಬನಿಯನ್ ತೆಗೆದ. ಇನ್ನೊಂದು ಇತ್ತು. ನಾನು ಗೋಡೆ ಕಡೆ ನೋಡಿದೆ. ಡಾಕ್ಟರು ಎರಡು ಬೆರಳಿಟ್ಟು ನೋಡಿ, ‘ಗ್ರಂಥಿ ಐತಿ, ಮೊಲೆತೊಟ್ಟಿನ ಸುತ್ತಲ ಕಪ್ಪು ಅಂಚಿನ್ಯಾಗ ಕೊಯ್ತೀವಿ, ಕಲೆ ಅಷ್ಟಾಗಿ ಕಾಣಂಗಿಲ್ಲ’ ಅಂದು ರಕ್ತಪರೀಕ್ಷೆಗೆ ಬರೆದರು. ಚೀಟಿಯ ಮೇಲೆ ಸೌಂದರ್ಯ ಅನ್ನುವ ಪದ ಎಲ್ಲೂ ಇರಲಿಲ್ಲ.

ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ಅಕ್ಕ ಓಣಿಯಲ್ಲೆಲ್ಲ ಹರ್ನಿಯಾ ಅಂತ ಹೇಳಿಕೊಂಡು ಬಂದಿದ್ದಾಳೆ.