ಪಕ್ಕದಿಂದ ಒಂದು ಫೋಟೋ ಅದ ಏನ್ರಿ?

ಹಕ್ಕಿ ಫೋಟೋ ಹಾಕುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು? ಎಲೆ ಮರೆಯಲ್ಲಿ ಮಸುಕು ಮಸುಕಾಗಿ ಬಂದ ಬಾಲದ ತುದಿ ಹಾಕಿದರೂ ಎರಡು ನಿಮಿಷದಲ್ಲಿ ಹೆಸರು ಬರುತ್ತದೆ, ಜೊತೆಗೆ ಚಪ್ಪಾಳೆ ಬೇರೆ. ನಾನು ಪುಣೆಯ ವೇತಾಳ ಟೇಕಡಿ ಅನ್ನುವ ಗುಡ್ಡದಲ್ಲಿ ಮಂಡಿಯೂರಿ, ಉಸಿರು ಬಿಗಿಹಿಡಿದು, ವಾಕಿಂಗ್ ಬಂದ ಕಾಕಾಗಳಿಂದ ಏನು ಕಳೆದುಹೋಯಿತು ಅಂತ ಕೇಳಿಸಿಕೊಂಡು ತೆಗೆದ ಫೋಟೋಗೆ ಇವತ್ತು ಬೆಳಿಗ್ಗೆ ಬಂದ ಉತ್ತರ: "ನೊಣ ಇರಬೇಕು." ಇರಬೇಕಂತೆ!

ಫೋಟೋ ನೋಡಿ ಹೆಸರು ಹೇಳುವ ಆಪ್ ಕೇಳಿದರೆ 'ಡಿಪ್ಟೆರಾ', ಅಂದರೆ ನೊಣ-ಸೊಳ್ಳೆಗಳ ಇಡೀ ಗುಂಪಿನ ಹೆಸರು, ಅಂದು ಕೈತೊಳೆದುಕೊಳ್ಳುತ್ತದೆ. ಮನೆ ಎಲ್ಲಿ ಅಂದರೆ 'ಭಾರತ' ಅಂದ ಹಾಗೆ. ಆ ಗುಂಪಿನಲ್ಲಿ ಹೆಸರಿಟ್ಟ ಜಾತಿಗಳೇ ಒಂದೂವರೆ ಲಕ್ಷ ದಾಟುತ್ತವೆ, ಅಲ್ವಾ?

ಉಳಿದವರು ನಮ್ಮ ಕನ್ನಡ ಫೋಟೋ ಗುಂಪಿನ ರಾಯರು. ಬ್ಯಾಂಕಿನಿಂದ ರಿಟೈರ್ ಆದ ಧಾರವಾಡದವರು. ನೊಣಗಳ ವಿಷಯದಲ್ಲಿ ನಿಜಕ್ಕೂ ತಿಳಿದವರು, ಸಮಸ್ಯೆ ಅದೇ. ಅವರು ಇವತ್ತಿನವರೆಗೆ ಹೆಸರು ಹೇಳಿದ್ದಿಲ್ಲ, ಇನ್ನೊಂದು ಫೋಟೋ ಕೇಳಿದ್ದೇ ಹೆಚ್ಚು. "ಭಾಳ ಚಲೋ ಬಂದದರೀ. ಪಕ್ಕದಿಂದ ಒಂದು ಅದ ಏನ್ರಿ?" ಪಕ್ಕದಿಂದ ಕಳಿಸಿದರೆ ಮುಖ ಬೇಕು. ಮುಖ ಕಳಿಸಿದರೆ ರೆಕ್ಕೆಯ ನರ ಬೇಕು. ಹೋವರ್‌ಫ್ಲೈ ಅನ್ನುವ ನೊಣದ ರೆಕ್ಕೆಯ ನಡುವೆ ಎಲ್ಲಿಗೂ ಸೇರದ ಒಂದು ಸುಳ್ಳು ನರ ಇರುತ್ತದೆ, ಅದು ಕಾಣಬೇಕಂತೆ. ಜೇನಿನ ವೇಷ ಹಾಕಿಕೊಂಡು, ಇರುವ ಎರಡೇ ರೆಕ್ಕೆಯನ್ನು ಕಣ್ಣಿಗೆ ಕಾಣದಷ್ಟು ಜೋರಾಗಿ ಬಡಿಯುತ್ತಾ ಗಾಳಿಯಲ್ಲಿ ನಿಂತಿರುವ ಪ್ರಾಣಿಗೆ "ಸ್ವಲ್ಪ ರೆಕ್ಕೆ ಬಿಡಿಸಮ್ಮಾ" ಅನ್ನಲೇ?

ಕಲಿತದ್ದೂ ಅವರಿಂದಲೇ ಅನ್ನಿ. ಹೋವರ್‌ಫ್ಲೈಗಳಲ್ಲಿ ಕಣ್ಣೆರಡೂ ನೆತ್ತಿಯ ಮೇಲೆ ಕೂಡಿಕೊಂಡಿದ್ದರೆ ಸಾಮಾನ್ಯವಾಗಿ ಗಂಡು, ನಡುವೆ ಜಾಗ ಇದ್ದರೆ ಹೆಣ್ಣು. ತಲೆಯೆಲ್ಲಾ ಕಣ್ಣೇ. ನಮ್ಮ ಮನೆಯ ಗಂಡಿಗೆ ಮಾತ್ರ ಫ್ರಿಜ್‌ನಲ್ಲಿ ಎದುರಿಗಿರುವ ಮೊಸರು ಕಾಣುವುದಿಲ್ಲ.

ಹೋದ ವಾರ ಫ್ಲೆಶ್ ಫ್ಲೈ, ಅಂದರೆ ಮಾಂಸದ ನೊಣ, ಒಂದರ ಫೋಟೋ ಕಳಿಸಿದ್ದೆ. ಬೂದು ಮೈ, ಬೆನ್ನ ಮೇಲೆ ಮೂರು ಕಪ್ಪು ಗೆರೆ, ಹೊಟ್ಟೆ ಮೇಲೆ ಚೌಕಳಿ, ಕೆಂಪು ಕಣ್ಣು, ಕಾಲಿನ ಕೂದಲೂ ಒಂದೊಂದಾಗಿ ಎಣಿಸಬಹುದು. ರಾತ್ರಿ ಚಪಾತಿ ಬೇಯಿಸುತ್ತಿದ್ದಾಗ ರಾಯರ ವಾಯ್ಸ್ ಮೆಸೇಜ್ ಬಂತು. ಕೈ ತುಂಬ ಹಿಟ್ಟು. ಮೊಣಕೈಯಲ್ಲಿ ಒತ್ತಿದ್ದಕ್ಕೆ ಸ್ಪೀಕರ್‌ನಲ್ಲೇ ಶುರುವಾಯಿತು. "ಇದು ಗಂಡು ಇದ್ದಂಗ ಕಾಣ್ತದರೀ. ಆದ್ರ ಗುಪ್ತಾಂಗ ಬಿಡಿಸಿ ಮೈಕ್ರೋಸ್ಕೋಪಿನಾಗ ನೋಡದ ಹೊರತು ಯಾವ ಜಾತಿ ಅಂತ ಹೇಳಲಿಕ್ಕೆ ಬರೂದಿಲ್ರಿ."

ಅತ್ತೆಯ ಲಟ್ಟಣಿಗೆ ನಿಂತಿತು.

"ಯಾರ ಮನೆ ಗಂಡು?" ಅಂದರು.

ನೊಣ ಅತ್ತೆ, ನೊಣ ಅಂದೆ. ಅಷ್ಟರಲ್ಲಿ ಎರಡನೇ ಮೆಸೇಜ್ ತಾನಾಗಿಯೇ ಓಡಿತು: "ಹಿಂದಿನ ಭಾಗದ್ದು ಹತ್ತಿರದಿಂದ ತೆಗೆದಿದ್ರ ಕಳಸ್ರಿ." ಹೆಂಚಿನ ಮೇಲಿನ ಚಪಾತಿ ಕರಕಲಾಯಿತು. ಗಂಡ ಹಾಲ್‌ನಿಂದ ಎದ್ದು ಬಂದು, ಏನೂ ಕೇಳದೆ, ನೀರು ಕುಡಿದು ಹೋದರು. ರಾಯರು ಹೇಳಿದ್ದು ಮಾತ್ರ ಅಕ್ಷರಶಃ ನಿಜ. ಆ ನೊಣಗಳನ್ನು ತಜ್ಞರು ಬೇರ್ಪಡಿಸುವುದೇ ಹಾಗೆ.

ಮರುದಿನ ಸಮಾಧಾನಕ್ಕೆಂದು ಅವರು ಒಂದು ಹಳೇ ಪುಸ್ತಕದ ಪಿಡಿಎಫ್ ಕಳಿಸಿದರು. ಹೋವರ್‌ಫ್ಲೈಗಳ ಮೇಲೆ ಬ್ರುನೆಟ್ಟಿ ಬರೆದದ್ದು, 1923ರದ್ದು. ಆತ ಸಂಗೀತಗಾರನಂತೆ, ಕಲ್ಕತ್ತೆಯಲ್ಲಿದ್ದನಂತೆ. ನೊಣಗಳ ಲೆಕ್ಕ ಇಟ್ಟ ಆತನನ್ನು ಓದುತ್ತಾ ಸ್ವಲ್ಪ ಬೇಜಾರಾಯಿತು. ನಮ್ಮ ಟೇಕಡಿಯ ಮೇಲೆ ರಸ್ತೆ ಬರುತ್ತದೆ ಅನ್ನುವ ಮಾತು ಎಷ್ಟು ವರ್ಷದಿಂದ ನಡೆದಿದೆ. ಬಂದರೆ ಮರ ಎಷ್ಟು ಹೋಯಿತು ಅಂತ ಯಾರಾದರೂ ಎಣಿಸುತ್ತಾರೆ. ಆ ಏಕದಾಂಡಿ ಹೂವಿನ ಮೇಲೆ ಕೂರುವ, "ನೊಣ ಇರಬೇಕು" ಅನ್ನಿಸಿಕೊಂಡವುಗಳ ಲೆಕ್ಕ ಯಾರ ಹತ್ತಿರ ಇದೆ?

ಭಾನುವಾರ ರಾಯರು ಮನೆಗೇ ಬಂದರು. ಚಹಾ ಕೊಟ್ಟೆ. ಬಸಿಯ ಅಂಚಿಗೆ ಒಂದು ನೊಣ ಬಂದು ಕೂತಿತು. ಅವರು ಅದರತ್ತ ನೋಡದೇ ಕೈಬೀಸಿ, "ಮನೀ ನೊಣಾ" ಅಂದರು.

ಬಿಡುತ್ತೇನೆಯೇ? "ಬೆನ್ನ ಮೇಲೆ ಗೆರೆ ನಾಲ್ಕಿತ್ತಾ, ಮೂರಾ? ಎಣಿಸಿದಿರಾ ರಾಯರೇ?"

ಬಸಿ ಕೆಳಗಿಟ್ಟರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಟೇಬಲ್ಲು, ಕಿಟಕಿ, ಪರದೆ ಎಲ್ಲ ಹುಡುಕಿದರು. ನೊಣ ಎಲ್ಲಿಯೂ ಇಲ್ಲ.

"ನೀವು ಫೋಟೋ ತಗೊಂಡಿರೇನ್ರಿ?" ಅಂದರು.