ಅಭ್ಯರ್ಥಿಗೆ ಸೈಕಲ್ ಇಷ್ಟವಾ ಅಂತ ಕೇಳಬೇಡಿ, ಬೀದಿಯ ಹೆಸರು ಹಿಡಿದು ಕೇಳಿ

ಸ್ಥಳೀಯ ಚುನಾವಣೆಗೆ ನಿಂತವರನ್ನು "ಸೈಕಲ್ ಸವಾರರಿಗೆ ನಿಮ್ಮ ಬೆಂಬಲ ಇದೆಯಾ?" ಅಂತ ಕೇಳಿದರೆ ಇಲ್ಲ ಅನ್ನುವವರು ಹುಡುಕಿದರೂ ಸಿಗಲ್ಲ. ಆ ಹೌದಿಗೆ ಖರ್ಚೇ ಇಲ್ಲ. ಗೆದ್ದ ಮೇಲೆ ಸೈಕಲ್ ಪಥಕ್ಕಾಗಿ ಒಂದು ಸಾಲು ಕಾರ್ ಪಾರ್ಕಿಂಗ್ ತೆಗೆಯಬೇಕಾಗಿ ಬಂದ ದಿನ ಅದು ಕರಗಿಹೋಗುತ್ತೆ. ಅದಕ್ಕೇ ಬೀದಿ, ಉದ್ದ, ವರ್ಷ, ದುಡ್ಡು ನಾಲ್ಕೂ ಪ್ರಶ್ನೆಯೊಳಗೇ ಇರಬೇಕು: "ರೈಲು ನಿಲ್ದಾಣದಿಂದ ಹೈಸ್ಕೂಲಿನವರೆಗಿನ 1.8 ಕಿ.ಮೀ. ರಸ್ತೆಯಲ್ಲಿ ಒಂದು ಬದಿಯ ಪಾರ್ಕಿಂಗ್ ತೆಗೆದು, ತಡೆಗೋಡೆಯಿರುವ ಸೈಕಲ್ ಪಥಕ್ಕೆ ಮೊದಲ ವರ್ಷದ ಬಜೆಟ್‌ನಲ್ಲೇ ಹಣ ಇಡಲು ಮತ ಹಾಕ್ತೀರಾ?" ಇದಕ್ಕೆ ಬರುವ ಹೌದಿಗೂ ಬೆಲೆಯಿದೆ, ಇಲ್ಲಕ್ಕೂ ಬೆಲೆಯಿದೆ.

ಕೇಳುವ ಮೊದಲು ಆ ರಸ್ತೆ ಯಾರ ಸುಪರ್ದಿಯಲ್ಲಿದೆ ಅಂತ ನೋಡಿಕೊಳ್ಳಿ. ಎಷ್ಟೋ ಮನವಿಗಳು ಇಲ್ಲೇ ಸಾಯುತ್ತವೆ. ಹೆದ್ದಾರಿಯಾಗಿದ್ದು ಅದು ರಾಜ್ಯ ಅಥವಾ ಕೇಂದ್ರ ಸರ್ಕಾರದ್ದಾದರೆ "ನಮ್ಮ ಕೈಲಿಲ್ಲ" ಅನ್ನುವ ಉತ್ತರ ನ್ಯಾಯವಾದದ್ದೇ. ಸ್ಥಳೀಯ ಸಂಸ್ಥೆಯ ಕೈಯಲ್ಲಿರುವ ಒಳರಸ್ತೆ, ಪಾರ್ಕಿಂಗ್, ಚರಂಡಿ ಜಾಲರಿ, ಬೀದಿದೀಪಗಳನ್ನೇ ಕೇಳಿ.

ಅಳತೆ ಬಿಡಬೇಡಿ, ದಯವಿಟ್ಟು. "ಸೈಕಲ್ ಪಥ" ಅಂತಷ್ಟೇ ಹೇಳಿದರೆ ರಸ್ತೆಯಂಚಿಗೆ ಒಂದು ಬಿಳಿ ಗೆರೆ ಬೀಳುತ್ತೆ, ಅಷ್ಟೇ. ಏಕಮುಖ ಪಥಕ್ಕೆ ತೀರಾ ಕಡಿಮೆಯೆಂದರೂ 1.5 ಮೀಟರ್ ಬೇಕು. ಒಬ್ಬರನ್ನೊಬ್ಬರು ದಾಟಿ ಹೋಗಬೇಕಾದರೆ 2 ಮೀಟರ್. ಎರಡೂ ದಿಕ್ಕಿನ ಓಡಾಟಕ್ಕೆ 3 ಮೀಟರ್. ನಿಂತ ಕಾರಿನ ಬಾಗಿಲು ತೆರೆದರೆ ಸುಮಾರು 1 ಮೀಟರ್ ಆಚೆಗೆ ಚಾಚುತ್ತೆ. ನಡುವೆ ಅಂತರ ಬಿಡದೆ ಗೆರೆ ಎಳೆದರೆ ಸವಾರರನ್ನು ಆ ಬಾಗಿಲಿಗೇ ಕಳಿಸಿದಂತೆ. ಬಣ್ಣ ಕಾರನ್ನು ತಡೆಯೋದಿಲ್ಲ, ವರ್ಷ ಕಳೆಯುವಷ್ಟರಲ್ಲಿ ಮಾಸಿಯೂ ಹೋಗುತ್ತೆ. ಇನ್ನು ಒಳ್ಳೆಯ ಪಥಗಳೂ ಸೋಲುವುದು ಜಂಕ್ಷನ್‌ನಲ್ಲಿ. ತಡೆಗೋಡೆ ಮುಗಿಯುವ ಜಾಗದಲ್ಲೇ ತಿರುಗುವ ವಾಹನ ಅಡ್ಡ ಬರುತ್ತೆ. ಮೂಲೆಯ ಅಗಲವಾದ ತಿರುವನ್ನು ಚಿಕ್ಕದಾಗಿ, ಬಿಗಿಯಾಗಿ ಮಾಡಿದರೆ ವಾಹನ ತಾನಾಗಿ ನಿಧಾನಿಸುತ್ತೆ; ಸೈಕಲ್‌ಗೆ ಕೆಲವು ಸೆಕೆಂಡ್ ಮೊದಲೇ ಹಸಿರು ಕೊಟ್ಟರೆ ಸವಾರರು ಚಾಲಕರ ಕಣ್ಣಿಗೆ ಬೀಳುತ್ತಾರೆ.

ಪಥಕ್ಕೆ ಜಾಗವೇ ಇಲ್ಲದ ಬೀದಿಗಳಲ್ಲಿ ವೇಗ ಇಳಿಸಲು ಕೇಳಿ. ಗಂಟೆಗೆ 50 ಕಿ.ಮೀ. ಇದ್ದದ್ದು 30 ಆದರೆ ವಾಹನದ ಚಲನಶಕ್ತಿ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ, ಯಾಕಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುವಂಥದ್ದು. ಬರೀ ಬೋರ್ಡ್ ಸಾಲದು. ಎತ್ತರಿಸಿದ ಪಾದಚಾರಿ ದಾಟು, ಕಿರಿದಾದ ಲೇನ್ ಕೂಡ ಬೇಕು.

ಸಣ್ಣ ಕೆಲಸಗಳನ್ನೂ ಪಟ್ಟಿಗೆ ಸೇರಿಸಿ, ಹೊಸ ಸದಸ್ಯರು ಬೇಗ ಮಾಡಿ ತೋರಿಸಬಹುದು. ಚರಂಡಿ ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಚಕ್ರ ಸಿಕ್ಕಿಹಾಕಿಕೊಳ್ಳುತ್ತೆ, ಅಡ್ಡಲಾಗಿರಬೇಕು. ಮುಂದಿನ ಚಕ್ರವನ್ನಷ್ಟೇ ಹಿಡಿಯುವ ಸ್ಟ್ಯಾಂಡ್ ಬೇಡ, ರಿಮ್ ಬಾಗುತ್ತೆ. ತಲೆಕೆಳಗಾದ ಯು ಆಕಾರದ ಕಬ್ಬಿಣದ ಕೊಳವೆಗಳನ್ನು 1 ಮೀಟರ್ ಅಂತರದಲ್ಲಿ ನೆಟ್ಟರೆ ಒಂದೊಂದಕ್ಕೂ ಎರಡು ಸೈಕಲ್ ಕಟ್ಟಬಹುದು.

"ಇದೆಲ್ಲ ಹತ್ತಾರು ವರ್ಷದ ಕೆಲಸ" ಅಂದರೆ ಸ್ಪೇನ್‌ನ ಸೆವಿಲ್ಯಾ ನಗರದ ಉದಾಹರಣೆ ಕೊಡಿ. 2006ರಲ್ಲಿ ಶುರುಮಾಡಿ ಸುಮಾರು ಎರಡು ವರ್ಷದೊಳಗೆ 80 ಕಿ.ಮೀ.ನಷ್ಟು ಪಥವನ್ನು ಅವರು ಹಾಕಿದರು. ಅದಕ್ಕಿಂತ ಮುಖ್ಯವಾಗಿ, ತುಂಡು ತುಂಡಾಗಿ ಹಾಕದೆ ಒಂದಕ್ಕೊಂದು ಕೂಡಿಸಿದರು. ಸವಾರರು ಬಂದದ್ದು ಅದಕ್ಕೇ.

ಪ್ರಶ್ನೆಗಳು ನಾಲ್ಕೈದಕ್ಕಿಂತ ಹೆಚ್ಚು ಬೇಡ, ಒಂದೇ ಪುಟದಲ್ಲಿರಲಿ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ದಿನ ಕಳಿಸಿ, ಒಂದೇ ಗಡುವು ಕೊಡಿ. ಬಂದ ಉತ್ತರವನ್ನು ಒಂದಕ್ಷರವೂ ತಿದ್ದದೆ ಪ್ರಕಟಿಸಿ. ಉತ್ತರಿಸದವರ ಹೆಸರಿನ ಮುಂದೆ "ಉತ್ತರ ಬಂದಿಲ್ಲ" ಅಂತಷ್ಟೇ ಇರಲಿ, ಟೀಕೆ ಬೇಡ. ಒಂದು ಪಕ್ಷದ ಕಡೆ ವಾಲಿದ್ದೀರಿ ಅನ್ನಿಸಿದರೆ ಉಳಿದವರು ಮಾತೇ ನಿಲ್ಲಿಸುತ್ತಾರೆ.

ಸಾಧ್ಯವಾದರೆ ಅಭ್ಯರ್ಥಿಗಳನ್ನು ಸೈಕಲ್ ಮೇಲೆ ಕೂರಿಸಿ. ಶಾಲೆ ಬಿಡುವ ಹೊತ್ತಿಗೆ 3 ಕಿ.ಮೀ. ಸಾಕು, ಬಾವುಟ ಬೇಡ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮಾಡಿದರೆ ಫೋಟೋ ಚೆನ್ನಾಗಿ ಬರುತ್ತೆ, ಸಮಸ್ಯೆ ಮಾತ್ರ ಕಾಣಲ್ಲ. ಸೀಟಿನ ಎತ್ತರ, ಬ್ರೇಕ್, ಟೈರಿನ ಗಾಳಿ ಮೊದಲೇ ನೋಡಿಡಿ. ಅತಿ ಕೆಟ್ಟ ಜಂಕ್ಷನ್‌ನಲ್ಲಿ ಇಳಿಸಿ, ಐದು ನಿಮಿಷ ನಿಲ್ಲಿಸಿ, ಅಲ್ಲೇ ಪ್ರಶ್ನೆಯ ಹಾಳೆ ಕೊಡಿ.

ಫಲಿತಾಂಶ ಬಂದ ಮೇಲೆ ಬಜೆಟ್ ಕರಡು ಸಿದ್ಧವಾಗುವ ಮೊದಲೇ ಅದೇ ಉತ್ತರದ ಪ್ರತಿ ಹಿಡಿದು ಗೆದ್ದವರನ್ನು ಭೇಟಿ ಮಾಡಿ. ಕರಡು ಮುಗಿದ ಮೇಲೆ ಹೋದರೆ "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ, ಆ ಬೀದಿ ಇನ್ನೊಂದು ವರ್ಷ ಹಾಗೇ ಇರುತ್ತೆ.